ಮುಷ್ಕರ ಹೂಡಲಾಗದವರ ಪರವಾಗಿ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ಜಿಲ್ಲೆ,
ಮಾರ್ಚ್ ಮೊದಲ ವಾರ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಅಗ್ನಿಶಾಮಕ ಸಿಬ್ಬಂದಿಯ ಅಹವಾಲು ಕೇಳಿ, ಕಾಲಮಿತಿಯೊಳಗೆ ತೀರ್ಮಾನಿಸುವ ವ್ಯವಸ್ಥೆ ಮಾಡಬೇಕೆಂದು ಮನವಿ.

ಮಾನ್ಯರೇ,

ನಾನು ಈ ಜಿಲ್ಲೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ಐದೂವರೆ ಎಕರೆ ತೋಟ, ತೋಟದ ಅಂಚಿಗೆ ಮನೆ, ಮನೆಯ ಹಿಂದೆ ಕಣ. ನಿಮ್ಮ ಕಚೇರಿಗೆ ಇಲ್ಲಿಯವರೆಗೆ ಏನನ್ನೂ ಕೇಳಿ ಬರೆದವನಲ್ಲ. ಈಗಲೂ ನನಗಾಗಿ ಕೇಳುತ್ತಿಲ್ಲ. ನಿಮ್ಮ ಇಲಾಖೆಯಲ್ಲೇ ದುಡಿಯುತ್ತ, ನಿಮಗೆ ಹೀಗೆ ಬಹಿರಂಗವಾಗಿ ಬರೆಯುವ ಸ್ವಾತಂತ್ರ್ಯ ಇಲ್ಲದವರ ಪರವಾಗಿ ಬರೆಯುತ್ತಿದ್ದೇನೆ. ಅವರಲ್ಲಿ ಮೂವರ ಮೇಲೆ ಒಂದು ರಾತ್ರಿ ನಾನು ಬಾಯಿಗೆ ಬಂದ ಹಾಗೆ ಕೂಗಾಡಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಜನವರಿಯ ಕೊನೆ. ಕೊಯ್ಲು ಮುಗಿಯುತ್ತ ಬಂದಿತ್ತು. ಪಕ್ಕದ ತೋಟದವರ ಗೋದಾಮಿನಲ್ಲಿ ಒಣಗಿಸಿ ಚೀಲಕ್ಕೆ ತುಂಬಿದ ಚೆರ್ರಿ ಕಾಫಿ ಅರವತ್ತು ಮೂಟೆಯ ಮೇಲೆ ಇತ್ತು. ಆ ಗೋದಾಮಿಗೂ ಕೆಲಸದವರ ಲೈನ್ ಮನೆಗೂ ನಡುವೆ ಇದ್ದದ್ದು ಒಂದು ಸೌದೆ ಕೊಟ್ಟಿಗೆ ಮಾತ್ರ. ರಾತ್ರಿ ಒಂದು ಗಂಟೆ ದಾಟಿರಬೇಕು, ನಾಯಿಗಳು ಒಂದೇ ಸಮ ಬೊಗಳಿ ಎಬ್ಬಿಸಿದವು. ಬಾಗಿಲು ತೆಗೆದರೆ ಸಿಲ್ವರ್ ಓಕ್ ಮರಗಳ ಕಾಂಡಗಳು ಬುಡದಿಂದ ತುದಿಯವರೆಗೆ ಕೆಂಪಗೆ ಹೊಳೆಯುತ್ತಿದ್ದವು. ಕಾಫಿ ಸುಡುವ ವಾಸನೆ ಗೊತ್ತಿಲ್ಲದವರು ಮಲೆನಾಡಿನಲ್ಲಿ ಯಾರಿದ್ದಾರೆ? ಆದರೆ ಗೋಣಿಚೀಲ, ಸಿಪ್ಪೆ, ಬೀಜ ಎಲ್ಲ ಒಟ್ಟಿಗೆ ಉರಿಯುವಾಗ ಬರುವ ಆ ಹೊಗೆಯಲ್ಲಿ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ.

101ಕ್ಕೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು, ದಾರಿ ಕೇಳಿಕೊಂಡರು, ಹೊರಟೆವು ಎಂದರು. ಅಷ್ಟರಲ್ಲಿ ನಾವು ಊರವರು ಕೈಗೆ ಸಿಕ್ಕಿದ್ದನ್ನೆಲ್ಲ ತಂದೆವು. ರೋಬಸ್ಟಾ ಕಾಫಿ ಗಿಡಗಳಿಗೆ ನೀರು ಹೊಡೆಯುವ ಡೀಸೆಲ್ ಎಂಜಿನ್ ಒಬ್ಬರು ತಂದರು, ಅಲ್ಯೂಮಿನಿಯಂ ಪೈಪು ಇನ್ನೊಬ್ಬರದು. ಕೆರೆಯಿಂದ ಪೈಪು ಜೋಡಿಸಿಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಲೈನ್ ಮನೆಯಲ್ಲಿದ್ದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹೊರಗೆ ಬಂದರು. ಒಬ್ಬಳು ವಯಸ್ಸಾದ ಅಜ್ಜಿ ಒಳಗೇ ಉಳಿದಿದ್ದಾಳೆ ಎಂದು ಯಾರೋ ಅಳತೊಡಗಿದರು. ಆಮೇಲೆ ಆ ಅಜ್ಜಿ ಕಾಫಿ ಗಿಡದ ನಡುವೆ ಕಂಬಳಿ ಹೊದ್ದು ಕೂತಿದ್ದು ಕಂಡಿತು. ನಡುವೆ ಕಳೆದ ಆ ಕಾಲು ಗಂಟೆಯನ್ನು ನಾನು ಬದುಕಿರುವವರೆಗೂ ಮರೆಯಲಾರೆ.

ಗಾಡಿ ಬಂದಾಗ ಫೋನ್ ಮಾಡಿ ಐವತ್ತು ನಿಮಿಷ ಆಗಿತ್ತು. ಅಗ್ನಿಶಾಮಕ ಸೇವೆಗೆಂದು ಕೇಂದ್ರ ಗೃಹ ಸಚಿವಾಲಯದ ಸ್ಥಾಯಿ ಸಲಹಾ ಸಮಿತಿ ಹಿಂದೆಯೇ ಹಾಕಿಕೊಟ್ಟ ಲೆಕ್ಕದಲ್ಲಿ ಹಳ್ಳಿಗಾಡಿಗೆ 20 ನಿಮಿಷದಲ್ಲಿ ಗಾಡಿ ತಲುಪಬೇಕು. ನಮ್ಮ ಊರು ಠಾಣೆಯಿಂದ 28 ಕಿಲೋಮೀಟರ್. ಅದರಲ್ಲಿ ಅರ್ಧ ದಾರಿ ಏರು, ತಿರುವು, ಒಂದು ಪಕ್ಕ ಕಣಿವೆ. ನೀರು ತುಂಬಿದ ಗಾಡಿಯನ್ನು ಆ ದಾರಿಯಲ್ಲಿ ಕತ್ತಲಲ್ಲಿ 20 ನಿಮಿಷಕ್ಕೆ ತರಲು ಯಾವ ಚಾಲಕನಿಂದಲೂ ಆಗದು. ಇದು ನನಗೆ ಹೊತ್ತು ಹುಟ್ಟಿದ ಮೇಲೆ ಹೊಳೆದ ಮಾತು. ಆ ಹೊತ್ತಿಗೆ ಗಾಡಿಯ ಮುಂದೆ ನಿಂತು, "ಎಲ್ಲ ಬೂದಿ ಆದ ಮೇಲೆ ಬಂದ್ರಾ? ಸಂಬಳ ತಗೊಳ್ಳೋಕೆ ಮಾತ್ರ ಇದೀರಾ ನೀವು?" ಎಂದು ಕೂಗಿದೆ. ಇನ್ನೂ ಕೆಟ್ಟ ಮಾತುಗಳನ್ನೂ ಆಡಿದೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಗಾಡಿಯಿಂದ ಇಳಿದವರು ಮೂರೇ ಜನ.

ಮೂರು ಜನ ಎಂದರೆ ಏನು ಎಂಬುದು ಅವತ್ತು ಕಣ್ಣಾರೆ ಕಂಡೆ. ಒಬ್ಬ ಚಾಲಕ. ಗಾಡಿ ನಿಂತ ಮೇಲೆ ಪಂಪ್ ನಡೆಸಬೇಕಾದವನೂ ಅವನೇ, ಅಲ್ಲಿಂದ ಕದಲುವ ಹಾಗಿಲ್ಲ. ಇನ್ನಿಬ್ಬರು ಹೋಸ್ ಹಿಡಿದರು. ಒತ್ತಡದಲ್ಲಿ ನೀರು ಚಿಮ್ಮುವಾಗ ಪೈಪಿನ ಮೂತಿ ಹಿಂದಕ್ಕೆ ಒದೆಯುತ್ತದೆ, ಒಬ್ಬನ ಕೈಯಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಲೈನ್ ಮನೆಯ ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡುವವರು ಯಾರು? ಕರೆಂಟು ತೆಗೆಸಿದ್ದಾರೆಯೇ, ಅಡುಗೆ ಮನೆಯಲ್ಲಿ ಸಿಲಿಂಡರ್ ಇದೆಯೇ ಎಂದು ಕೇಳುವವರು ಯಾರು? ಅವೆಲ್ಲವನ್ನೂ ನಾವು, ಏನೂ ಗೊತ್ತಿಲ್ಲದ ಊರವರು, ಮಾಡಿದೆವು. ಆ ಗಾಡಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಹಿಡಿಯುವುದು 4,500 ಲೀಟರ್ ನೀರು. ಒಂದೇ ಪೈಪಿನಲ್ಲಿ ಹೊಡೆದರೂ ಹತ್ತು ನಿಮಿಷಕ್ಕೆ ಖಾಲಿ. ಆಮೇಲೆ ಗಾಡಿ ಕೆರೆಯ ಹತ್ತಿರ ಇಳಿಯಬೇಕು. ಇಳಿಯಲು ದಾರಿ ಇರಲಿಲ್ಲ. ನಮ್ಮ ಡೀಸೆಲ್ ಎಂಜಿನ್ನಿನಿಂದಲೇ ಅವರ ಟ್ಯಾಂಕಿಗೆ ನೀರು ಎತ್ತಿದೆವು.

ಗೋದಾಮು ಹೋಯಿತು. ಸೌದೆ ಕೊಟ್ಟಿಗೆ ಅರ್ಧ ಹೋಯಿತು. ಲೈನ್ ಮನೆ ಉಳಿಯಿತು, ಹದಿನಾಲ್ಕು ಜನ ಉಳಿದರು. ಉಳಿಸಿದವರು ಆ ಮೂವರು. ಬೆಂಕಿ ಆರಿದ ಮೇಲೂ ಅವರು ಹೊರಡಲಿಲ್ಲ. ಸುಟ್ಟ ಮೂಟೆಗಳನ್ನು ಒಂದೊಂದೇ ಎಳೆದು, ಬಗೆದು, ಒಳಗಿನ ಕೆಂಡಕ್ಕೆ ನೀರು ಹಾಕುತ್ತಲೇ ಇದ್ದರು. ನಮ್ಮ ಮನೆಯವಳು ಕಾಫಿ ಮಾಡಿ ತಂದರೆ, "ಇನ್ನೊಂದು ಸ್ವಲ್ಪ ಇದೆ ಅಮ್ಮಾ, ಮುಗಿಸಿ ಕುಡೀತೀವಿ" ಎಂದರು. ಅದರಲ್ಲಿ ಚಿಕ್ಕವನ ಬಲಗೈ ಬೊಬ್ಬೆ ಎದ್ದಿತ್ತು. ಲೋಟ ಎಡಗೈಯಲ್ಲಿ ತೆಗೆದುಕೊಂಡ. ಅರ್ಧ ಲೋಟ ಕುಡಿಯುವಷ್ಟರಲ್ಲಿ ಇನ್ನೊಂದು ಕರೆ ಬಂತು, ಎಲ್ಲೋ ಗುಡ್ಡದ ಹುಲ್ಲಿಗೆ ಬೆಂಕಿ. ಹೊರಟುಹೋದರು. ನಾನು ಕ್ಷಮೆ ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ.

ನಾಲ್ಕು ದಿನ ಬಿಟ್ಟು ಠಾಣೆಗೆ ಹೋದೆ. ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ನನ್ನ ಹತ್ತಿರ ನಾಲ್ಕು ಮಾತಾಡಿದ್ದಕ್ಕೆ ಅವರಿಗೆ ನೋಟಿಸ್ ಹೋಗಬಾರದು. ಕ್ಷಮೆ ಕೇಳಿದೆ. "ಬಿಡಿ ಯಜಮಾನ್ರೇ, ಉರಿಯೋ ಮನೆ ಮುಂದೆ ನಿಂತೋರು ಬೈಯ್ದೇ ಇರ್ತಾರಾ" ಎಂದರು ಹಿರಿಯರೊಬ್ಬರು. ಗಾಡಿಯಲ್ಲಿ ಮೂವರೇ ಯಾಕೆ ಬಂದಿರಿ ಎಂದು ಕೇಳಿದೆ. ಒಬ್ಬರು ರಜೆಯಲ್ಲಿ, ಒಬ್ಬರನ್ನು ಬೇರೆ ಠಾಣೆಗೆ ನಿಯೋಜಿಸಿದ್ದಾರೆ, ಇನ್ನಿಬ್ಬರು ಅದೇ ರಾತ್ರಿ ರಸ್ತೆಗೆ ಬಿದ್ದ ಮರ ಕಡಿಯಲು ಹೋಗಿದ್ದರು, ಖಾಲಿ ಹುದ್ದೆಗೆ ಜನ ಬಂದಿಲ್ಲ. ಮೇಲಕ್ಕೆ ಹೇಳಿಲ್ಲವೇ ಎಂದೆ. ಹೇಳಿದ್ದಾರಂತೆ, ಬರೆದಿದ್ದಾರಂತೆ. ಹೊರಡುವಾಗ ಗೇಟಿನವರೆಗೆ ಬಂದ ಒಬ್ಬರು ಮೆಲ್ಲಗೆ ಹೇಳಿದ ಮಾತು ಈ ಪತ್ರಕ್ಕೆ ಕಾರಣ: "ನಾವು ಬಸ್ಸಿನವರಲ್ಲ ಸರ್, ಗಾಡಿ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸೋದು ನಮಗೂ ಬೇಡ. ಆದರೆ ನಿಲ್ಲಿಸೋದಿಲ್ಲ ಅಂತ ಗೊತ್ತಿರೋದರಿಂದಲೇ ನಮ್ಮ ಅರ್ಜಿ ಎಲ್ಲರದಕ್ಕಿಂತ ಕೆಳಗೆ ಹೋಗಿ ಕೂರುತ್ತೆ."

ಮಾನ್ಯರೇ, ಈ ಮಾತು ಎಷ್ಟು ನಿಜ ಎಂಬುದಕ್ಕೆ ನಮ್ಮ ರಾಜ್ಯದ ಇತ್ತೀಚಿನ ವರ್ಷಗಳನ್ನೇ ನೋಡಬಹುದು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ ನಿಲ್ಲಿಸಿದರು. ನಮ್ಮ ಊರ ಮಕ್ಕಳು ಕಾಲೇಜಿಗೆ ಹೋಗಲು ಜೀಪು ಹಿಡಿದು ಒದ್ದಾಡಿದರು, ಆದರೆ ನೌಕರರ ಬೇಡಿಕೆ ಏನು ಎಂಬುದು ಇಡೀ ರಾಜ್ಯಕ್ಕೆ ಗೊತ್ತಾಯಿತು. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದರು. ಅದೇ ದಿನ ಶೇ 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು, ಮುಷ್ಕರ ಅಂದೇ ಮುಗಿಯಿತು. ಅದಕ್ಕೂ ಮೊದಲು, 2016ರ ಜೂನ್ 4ರಂದು ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕಬೇಕೆಂದು ಕರೆ ಹೋಗಿತ್ತು. ಕರೆ ಕೊಟ್ಟವರ ಬಂಧನವಾಯಿತು, ಸಾಮೂಹಿಕ ರಜೆ ನಡೆಯಲಿಲ್ಲ. ಆದರೆ ಪೊಲೀಸರ ಸಂಬಳ ಸವಲತ್ತು ನೋಡಲು ಔರಾದ್ಕರ್ ಸಮಿತಿ ಬಂದದ್ದು ಆ ಗದ್ದಲದ ವರ್ಷದಲ್ಲೇ. ಇವುಗಳಲ್ಲಿ ಯಾವುದನ್ನೂ ತಪ್ಪು ಎಂದು ಹೇಳಲು ಹೊರಟಿಲ್ಲ. ನಿಲ್ಲಿಸುವ ಶಕ್ತಿ ಇದ್ದವರ ಮಾತನ್ನು ಸರ್ಕಾರ ಒಂದು ದಿನದಲ್ಲೂ ಕೇಳಬಲ್ಲದು ಎಂದು ತೋರಿಸಲು ಹೇಳಿದೆ.

ಅಗ್ನಿಶಾಮಕರಿಗೆ ಆ ಶಕ್ತಿ ಇಲ್ಲ. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನ ನೌಕರರ ಪ್ರಕರಣದಲ್ಲಿ ಹೇಳಿದೆ. ಅದರ ಮೇಲೆ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ರಾಜ್ಯದ ಎಸ್ಮಾ ಕಾಯ್ದೆ ಇದೆ. ಇಷ್ಟೆಲ್ಲ ಕಾಯ್ದೆ ಇಲ್ಲದಿದ್ದರೂ ಅವರು ಗಾಡಿ ನಿಲ್ಲಿಸುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಬೊಬ್ಬೆ ಎದ್ದ ಕೈಯಲ್ಲಿ ಇನ್ನೊಂದು ಬೆಂಕಿಗೆ ಹೊರಟವನನ್ನು ಮುಷ್ಕರದಿಂದ ತಡೆಯಲು ಕಾಯ್ದೆ ಬೇಕಾಗಿಲ್ಲ.

ಮೊನ್ನೆ ನಮ್ಮ ಊರಿನ ಹೋಟೆಲಿನಲ್ಲಿ ಇದೇ ಮಾತು ಬಂತು. "ಅವರೂ ಒಂದು ದಿನ ಸ್ಟ್ರೈಕ್ ಮಾಡ್ಲಿ, ಆಗ ಬೆಂಗಳೂರಿಗೆ ಬಿಸಿ ಮುಟ್ಟುತ್ತೆ" ಎಂದ ಒಬ್ಬ ಹುಡುಗ. ಕೂತವರೆಲ್ಲ ಹೌದೌದು ಎಂದರು. ನಾನು ಒಪ್ಪಲಿಲ್ಲ. ಬಿಸಿ ಮುಟ್ಟುವುದು ಬೆಂಗಳೂರಿಗಲ್ಲ, ನಮಗೆ. ಅಂಥ ಒಂದು ದಿನ ನಮ್ಮ ಜಿಲ್ಲೆಯಲ್ಲಿ ಹೇಗಿರುತ್ತದೆ ಎಂದು ಅವತ್ತು ರಾತ್ರಿ ಮಲಗಿ ಯೋಚಿಸಿದೆ, ನಿದ್ದೆ ಬರಲಿಲ್ಲ. ಈ ತಿಂಗಳನ್ನೇ ತೆಗೆದುಕೊಳ್ಳಿ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಯ ಗುಡ್ಡಗಳ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದೆ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಲ್ಲಿಯ ಗಾಳಿಗೆ ಒಂದು ಬೀಡಿ ತುಂಡು ಸಾಕು. ಆ ಎತ್ತರಕ್ಕೆ ಯಾವ ನೀರಿನ ಗಾಡಿಯೂ ಏರುವುದಿಲ್ಲ. ಅರಣ್ಯ ಇಲಾಖೆಯ ಕಾವಲುಗಾರರೂ ಊರವರೂ ಹಸಿ ಸೊಪ್ಪು ಹಿಡಿದು ಬಡಿದೇ ಆರಿಸಬೇಕು. ಆದರೆ ಬೆಂಕಿ ಗುಡ್ಡದ ಸಂದಿನ ಶೋಲೆ ಕಾಡು ದಾಟಿ ತೋಟದ ಅಂಚಿಗೆ, ಲೈನ್ ಮನೆಗಳ ಅಂಚಿಗೆ ಇಳಿದಾಗ ನಾವು ಕರೆಯುವುದು 101ನ್ನೇ.

ಅದೇ ಹೊತ್ತಿಗೆ ಕಡೂರು ಕಡೆಯ ರಸ್ತೆಯಲ್ಲಿ ರಾಗಿ ಹುಲ್ಲು ಹೇರಿದ ಲಾರಿಗೆ ಕರೆಂಟ್ ತಂತಿ ತಗುಲುತ್ತದೆ ಎಂದುಕೊಳ್ಳಿ. ಬಿಸಿಲಿನ ದಿನಗಳಲ್ಲಿ ನಮ್ಮ ಕಡೆ ಅಪರೂಪದ ಸುದ್ದಿಯೇನೂ ಅಲ್ಲ ಅದು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಟ್ಯಾಂಕರ್ ಮಗುಚುತ್ತದೆ. ಭದ್ರೆಯ ಹಿನ್ನೀರಿನಲ್ಲಿ ಈಜಲು ಹೋದ ಹುಡುಗ ಮೇಲೆ ಬರುವುದಿಲ್ಲ, ಅವನ ತಾಯಿ ದಡದಲ್ಲಿ ಕೂತಿರುತ್ತಾಳೆ. ಹಾಳು ಬಾವಿಗೆ ಹಸು ಬಿದ್ದಿರುತ್ತದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒತ್ತಾಗಿ ಕಟ್ಟಿದ ಅಂಗಡಿಗಳಲ್ಲಿ ಒಂದರ ಮೀಟರ್ ಬೋರ್ಡಿನಲ್ಲಿ ಕಿಡಿ ಹಾರುತ್ತದೆ. ಬೆಂಕಿ ಆರಿಸುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಮುಳುಗಿದವರನ್ನು ತೆಗೆಯುವುದು, ಗುಡ್ಡ ಕುಸಿದಾಗ ಮಣ್ಣಿನಡಿಯಿಂದ ಎತ್ತುವುದು, ಜಖಂಗೊಂಡ ಕಾರಿನ ಬಾಗಿಲು ಕತ್ತರಿಸುವುದು, ಇವೆಲ್ಲ ಅವರ ಕೆಲಸವೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿ ಮನೆ ತೋಟ ಕೊಚ್ಚಿಹೋದ ದಿನಗಳನ್ನು ಕಂಡವರಿಗೆ ಈ ಇಲಾಖೆಯ ಹೆಸರಿನಲ್ಲಿ 'ತುರ್ತು ಸೇವೆ' ಎಂಬ ಮಾತು ಯಾಕೆ ಇದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ದೇಶಗಳಲ್ಲಿ ಅಂಥ ದಿನಗಳು ನಿಜವಾಗಿಯೂ ಬಂದಿವೆ. 1974ರ ಅಕ್ಟೋಬರ್ ಕೊನೆಯಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಅಗ್ನಿಶಾಮಕರು ಕೆಲಸ ನಿಲ್ಲಿಸಿದರು. ಮುಷ್ಕರ ನಡೆದದ್ದು ಕೆಲವೇ ದಿನ. ಅಷ್ಟರಲ್ಲಿ ಬಡವರು ವಾಸಿಸುವ ಬಡಾವಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು ಉರಿದವು. ಆ ಊರಿನವರು ಅದನ್ನು 'ಕೆಂಪು ವಾರಾಂತ್ಯ' ಎಂದೇ ಈಗಲೂ ನೆನೆಯುತ್ತಾರೆ. ಸಾಲು ಮನೆ ಎಂದು ಓದಿದಾಗ ನನಗೆ ನಮ್ಮ ಲೈನ್ ಮನೆಗಳೇ ಕಣ್ಣಿಗೆ ಕಟ್ಟಿದವು. ಮುಷ್ಕರ ಯಾರದೇ ಇರಲಿ, ಮೊದಲು ಉರಿಯುವುದು ಬಡವರ ಮನೆ.

ಬ್ರಿಟನ್ನಿನಲ್ಲಿ 1977ರ ನವೆಂಬರ್ 14ರಂದು ಅಗ್ನಿಶಾಮಕರ ಮುಷ್ಕರ ಶುರುವಾಗಿ ಒಂಬತ್ತು ವಾರ ನಡೆಯಿತು. ಶೇ 30ರ ಹೆಚ್ಚಳ ಕೇಳಿದ್ದರು. ಸರ್ಕಾರ ಸೈನಿಕರನ್ನು ಕರೆಸಿ, 1950ರ ದಶಕದಲ್ಲಿ ತಯಾರಿಸಿ ಇಟ್ಟಿದ್ದ ಹಸಿರು ಬಣ್ಣದ ಹಳೆಯ ಗಾಡಿಗಳನ್ನು ಅವರ ಕೈಗೆ ಕೊಟ್ಟಿತು. ಚಳಿಗಾಲದ ಆ ವಾರಗಳಲ್ಲಿ ಠಾಣೆಗಳ ಮುಂದೆ ಬೆಂಕಿ ಹಾಕಿಕೊಂಡು ನಿಂತ ಅಗ್ನಿಶಾಮಕರಿಗೆ ಜನರೇ ಸಹಾಯ ಮಾಡಿದರು. ಕೊನೆಗೆ ಸಿಕ್ಕಿದ್ದು ಶೇ 10, ಅದರ ಜತೆಗೆ ಒಂದು ಸೂತ್ರ. ಮುಂದಿನ ವರ್ಷಗಳಲ್ಲಿ ಅವರ ಸಂಬಳ ಯಾವುದಕ್ಕೆ ಹೊಂದಿಕೊಂಡು ಏರಬೇಕು ಎಂಬ ಸೂತ್ರ. ಅದನ್ನು ಬರೆದಿಟ್ಟ ಮೇಲೆ ದೇಶದಾದ್ಯಂತ ಇನ್ನೊಂದು ಮುಷ್ಕರ ಬಂದದ್ದು 2002ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ ಇದೇ. ಇಷ್ಟು ವರ್ಷ ಶಾಂತಿ ಉಳಿಸಿದ ಆ ಸೂತ್ರವನ್ನು ಒಂಬತ್ತು ವಾರದ ಮೊದಲೇ ಬರೆದುಕೊಟ್ಟಿದ್ದರೆ ಸೈನಿಕರನ್ನು ಕರೆಸುವ ಪ್ರಸಂಗವೇ ಇರುತ್ತಿರಲಿಲ್ಲ.

ನನ್ನ ವಾದ ಇಷ್ಟೇ, ಮಾನ್ಯರೇ. ಅಗ್ನಿಶಾಮಕರು ಮುಷ್ಕರ ಮಾಡಕೂಡದು ಎಂಬ ಸರ್ಕಾರದ ನಿಲುವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಒಬ್ಬನ ಕೈಯಲ್ಲಿದ್ದ ಕೊನೆಯ ಸಾಧನವನ್ನು ಕಿತ್ತುಕೊಂಡವರು ಅದರ ಬದಲಿಗೆ ಏನನ್ನಾದರೂ ಕೊಡಬೇಕು. ಹಾಗೆ ಕೊಡದೆ ಉಳಿಸಿಕೊಂಡರೆ ಅದು ಸಾಲ. ಇದು ನನ್ನೊಬ್ಬನ ಮಾತಲ್ಲ. ಅಗ್ನಿಶಾಮಕ ಸೇವೆಯಂಥ ಅತ್ಯಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಬಹುದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಒಪ್ಪುತ್ತದೆ. ನಿಷೇಧಿಸಿದಲ್ಲಿ ನಿಷ್ಪಕ್ಷಪಾತವಾದ, ಬೇಗನೆ ಮುಗಿಯುವ ಸಂಧಾನ ಮತ್ತು ಮಧ್ಯಸ್ಥಿಕೆಯ ವ್ಯವಸ್ಥೆ ಇರಬೇಕು ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 1968ರಲ್ಲೇ ಕಾಯ್ದೆ ಮಾಡಿ, ಮುಷ್ಕರದ ಹಕ್ಕಿಲ್ಲದ ಪೊಲೀಸರು ಮತ್ತು ಅಗ್ನಿಶಾಮಕರ ಬೇಡಿಕೆಗಳು ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಪಂಚರ ಮುಂದೆ ಹೋಗಬೇಕು, ಪಂಚರ ತೀರ್ಪಿಗೆ ಎರಡೂ ಕಡೆಯವರು ತಲೆಬಾಗಬೇಕು ಎಂದು ಗೊತ್ತುಮಾಡಿತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ದೇಶದಲ್ಲೇ ಕೇಂದ್ರ ಸರ್ಕಾರಿ ನೌಕರರಿಗಾಗಿ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ. ಸಂಬಳ ಭತ್ಯೆ, ವಾರದ ಕೆಲಸದ ಗಂಟೆ, ರಜೆ ಈ ಮೂರರಲ್ಲಿ ಒಮ್ಮತ ಬರದಿದ್ದರೆ ವಿಷಯ ಮಧ್ಯಸ್ಥಿಕೆ ಮಂಡಳಿಗೆ ಹೋಗುವ ಅವಕಾಶ ಅದರಲ್ಲಿದೆ. ಅಂಚೆ ಕಚೇರಿಯ ಗುಮಾಸ್ತರ ಕೆಲಸದ ಗಂಟೆಯ ಬಗ್ಗೆ ಮೂರನೆಯವರು ಕೂತು ನ್ಯಾಯ ಹೇಳಬಹುದಾದರೆ, ಹೊಗೆ ತುಂಬಿದ ಕೋಣೆಗೆ ಬೆನ್ನ ಮೇಲೆ ಗಾಳಿ ಸಿಲಿಂಡರ್ ಹೊತ್ತು ನುಗ್ಗುವವನ ಕೆಲಸದ ಗಂಟೆಯ ಬಗ್ಗೆ ಯಾಕೆ ಹೇಳಬಾರದು?

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ: ರಾಜ್ಯದ ಅಗ್ನಿಶಾಮಕ ಸಿಬ್ಬಂದಿಯ ಅಹವಾಲಿಗೆ ಒಂದು ಶಾಶ್ವತ ವೇದಿಕೆ ಮಾಡಿ. ಅದರಲ್ಲಿ ಠಾಣೆಗಳಲ್ಲಿ ಕೆಲಸ ಮಾಡುವ ಸಾಮಾನ್ಯ ಸಿಬ್ಬಂದಿ ತಾವೇ ಆರಿಸಿದ ಪ್ರತಿನಿಧಿಗಳು ಇರಲಿ, ಇಲಾಖೆಯ ಹಿರಿಯ ಅಧಿಕಾರಿಗಳು ಇರಲಿ, ಮುಖ್ಯಸ್ಥರಾಗಿ ನಿವೃತ್ತ ನ್ಯಾಯಾಧೀಶರೊಬ್ಬರು ಇರಲಿ. ಅರ್ಜಿ ಕೊಟ್ಟ ದಿನದಿಂದ ಇಷ್ಟು ದಿನದೊಳಗೆ ತೀರ್ಮಾನ ಹೇಳಲೇಬೇಕು ಎಂದು ಬರೆದಿಡಿ. ತೀರ್ಮಾನವನ್ನು ಸರ್ಕಾರ ಒಪ್ಪದಿದ್ದರೆ, ಯಾಕೆ ಒಪ್ಪಲಿಲ್ಲ ಎಂದು ವಿಧಾನಮಂಡಲದಲ್ಲಿ ಹೇಳುವಂತಾಗಲಿ. ಅಲ್ಲಿ ಮಾತಾಡಿದವರ ಮೇಲೆ ಶಿಸ್ತುಕ್ರಮ ಇಲ್ಲ ಎಂಬ ಭರವಸೆಯೂ ಅದೇ ಆದೇಶದಲ್ಲಿ ಇರಲಿ. ಈ ಭರವಸೆ ಇಲ್ಲದಿದ್ದರೆ ಗೇಟಿನ ಹತ್ತಿರ ಮೆಲ್ಲಗೆ ಮಾತಾಡಿದ ಆ ಮನುಷ್ಯ ಅಲ್ಲಿಗೂ ಬಂದು ಮೆಲ್ಲಗೇ ಮಾತಾಡಬೇಕಾಗುತ್ತದೆ.

ಇನ್ನು ಗಾಡಿಯಲ್ಲಿ ಎಷ್ಟು ಜನ ಇರಬೇಕು ಎಂಬುದು. ಮೂರು ಜನರನ್ನು ಕಳಿಸಿ ಬೆಂಕಿ ಆರಿಸಿ ಎನ್ನುವುದು ಅವರ ಜೀವಕ್ಕೂ ಅಪಾಯ, ನಮ್ಮ ಜೀವಕ್ಕೂ ಅಪಾಯ. ಪಂಪಿಗೆ ಒಬ್ಬ, ಹೋಸಿಗೆ ಇಬ್ಬರು, ಒಳಗೆ ಹುಡುಕಲು ಇಬ್ಬರು, ಎಲ್ಲರನ್ನೂ ನೋಡಿಕೊಂಡು ಆಜ್ಞೆ ಕೊಡಲು ಒಬ್ಬ. ಯಾವ ತರಬೇತಿಯೂ ಇಲ್ಲದ ನಾನು ಅವತ್ತು ಕಂಡದ್ದರಿಂದಲೇ ಲೆಕ್ಕ ಹಾಕಿದರೂ ಆರು ಜನ ಬೇಕು. ಇದಕ್ಕಿಂತ ಕಡಿಮೆ ಜನರೊಂದಿಗೆ ಮೊದಲ ಗಾಡಿ ಹೊರಡುವ ಪರಿಸ್ಥಿತಿ ಬಂದರೆ, ಆ ಸಂಗತಿ ಅದೇ ದಿನ ದಾಖಲಾಗಿ ಮೇಲಿನವರಿಗೆ ಹೋಗಬೇಕು. ಪ್ರತಿ ಠಾಣೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂಬ ಫಲಕ ಠಾಣೆಯ ಗೋಡೆಯ ಮೇಲೆಯೇ ಇರಲಿ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಎಷ್ಟು ಬಂದಿದೆ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ನಮ್ಮ ಜೀವ ಕಾಯುವವರ ಲೆಕ್ಕ ಅದಕ್ಕಿಂತ ಗುಟ್ಟಿನದಾಗಿರಬೇಕಾಗಿಲ್ಲ.

ಹಣ ಇಲ್ಲ ಎಂಬ ಮಾತು ಬರಬಹುದು. ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ವಿಸ್ತರಿಸಿ ಆಧುನಿಕಗೊಳಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದರಲ್ಲಿ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಎಷ್ಟು, ಮಲೆನಾಡಿನ ತಾಲ್ಲೂಕುಗಳಿಗೆ ತಲುಪಿದ್ದು ಎಷ್ಟು ಎಂಬುದನ್ನು ಜಿಲ್ಲಾವಾರು ಪ್ರಕಟಿಸಬೇಕೆಂದು ಕೇಳುತ್ತೇನೆ. ಹೊಸ ಗಾಡಿ ಬಂದರೆ ಸಂತೋಷ. ಆದರೆ ಗಾಡಿ ತಾನಾಗಿ ಬೆಂಕಿ ಆರಿಸುವುದಿಲ್ಲ, ಜನ ಬೇಕು. 28 ಕಿಲೋಮೀಟರ್ ದೂರದ ನಮ್ಮಂಥ ಹೋಬಳಿಗಳಿಗೆ ಪೂರ್ತಿ ಠಾಣೆ ಕೊಡಲಾಗದಿದ್ದರೆ ಜನವರಿಯಿಂದ ಮೇ ತಿಂಗಳವರೆಗಾದರೂ ಒಂದು ಚಿಕ್ಕ ಗಾಡಿ, ಒಂದು ತಂಡ ಹೋಬಳಿಯಲ್ಲಿ ತಂಗುವಂತೆ ಮಾಡಿ. ತಂಗಲು ಜಾಗ ನಾವು ಕೊಡುತ್ತೇವೆ. ಹೊಗೆ ಕುಡಿದು ಕುಡಿದು ನಿವೃತ್ತರಾದವರ ಶ್ವಾಸಕೋಶ ಹೇಗಿದೆ ಎಂದು ವರ್ಷಕ್ಕೊಮ್ಮೆಯಾದರೂ ಸರ್ಕಾರದ ಖರ್ಚಿನಲ್ಲಿ ತಪಾಸಣೆ ಆಗಲಿ.

ಅಗ್ನಿಶಾಮಕ ಸಿಬ್ಬಂದಿಗೆ ಎರಡು ಮಾತು, ಈ ಪತ್ರ ಅವರೂ ಓದುತ್ತಾರೆ ಎಂಬ ನಂಬಿಕೆಯಿಂದ. ಅಣ್ಣಂದಿರೇ, ತಮ್ಮಂದಿರೇ, ಎಷ್ಟೇ ಬೇಸರವಾದರೂ ಗಾಡಿ ನಿಲ್ಲಿಸುವ ಯೋಚನೆ ಮನಸ್ಸಿಗೆ ಬರಗೊಡಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಬೀದಿಯಲ್ಲಿ ಹೇಳುವ ಕೆಲಸ ನಮಗೆ ಬಿಡಿ. ನಮಗೆ ಯಾವ ಎಸ್ಮಾ ಅಡ್ಡ ಬರುವುದಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂರಲು ಬೆಳೆಗಾರರ ಸಂಘದವರು, ಲೈನ್ ಮನೆಯವರು, ಹೋಟೆಲಿನಲ್ಲಿ ಸ್ಟ್ರೈಕ್ ಮಾತು ಎತ್ತಿದ ಆ ಹುಡುಗನೂ ಸೇರಿ ನಾವೆಲ್ಲ ಬರುತ್ತೇವೆ.

ಊರಿನವರಿಗೆ, ಹೋಂಸ್ಟೇ ನಡೆಸುವವರಿಗೆ, ವಾರದ ಕೊನೆಗೆ ಕೈಮರದ ಚೆಕ್‌ಪೋಸ್ಟ್ ದಾಟಿ ಗುಡ್ಡ ಹತ್ತುವ ಪ್ರವಾಸಿಗರಿಗೂ ಕೇಳುವುದಿದೆ. ಹುಲ್ಲು ಒಣಗಿದ ಕಾಲದಲ್ಲಿ ಗುಡ್ಡದ ಮೇಲೆ ಬೆಂಕಿ ಹಚ್ಚಬೇಡಿ. ಗಾಡಿ ಬರುವ ಓಣಿಯಲ್ಲಿ ಕಾರು ಅಡ್ಡ ನಿಲ್ಲಿಸಬೇಡಿ. 101ಕ್ಕೆ ಸುಳ್ಳು ಕರೆ ಮಾಡಿ ನಗುವ ಮಕ್ಕಳಿಗೆ, ಅದೇ ಹೊತ್ತಿಗೆ ಇನ್ನೊಂದು ಮನೆ ಉರಿಯುತ್ತಿರಬಹುದು ಎಂದು ತಿಳಿಹೇಳಿ.

ಮಾನ್ಯರೇ, ಏಪ್ರಿಲ್ 14 ಹತ್ತಿರ ಬರುತ್ತಿದೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ಹೇರಿಕೊಂಡಿದ್ದ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಬಿತ್ತು. ಆರಿಸಲು ಹೋದ 66 ಅಗ್ನಿಶಾಮಕರು ಸ್ಫೋಟದಲ್ಲಿ ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಆ ದಿನ ರಾಜ್ಯದ ಎಲ್ಲ ಠಾಣೆಗಳಲ್ಲಿ ಗೌರವ ಸಲ್ಲಿಸಿ, ವಾರವಿಡೀ ಅಗ್ನಿಶಾಮಕ ಸಪ್ತಾಹ ಆಚರಿಸುತ್ತಾರೆ. ಶಾಲೆ ಮಕ್ಕಳ ಮುಂದೆ ಸಿಲಿಂಡರ್ ಬೆಂಕಿ ಆರಿಸಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಈ ಸಲ ಅದೇ ದಿನ ಸರ್ಕಾರದ ಕಡೆಯಿಂದ ನಾನು ಮೇಲೆ ಕೇಳಿದ ವೇದಿಕೆಯ ಆದೇಶ ಹೊರಡಲಿ ಎಂದು ಪ್ರಾರ್ಥಿಸುತ್ತೇನೆ.

ನಮ್ಮ ಪಾಲಿನದು ಶುರುವಾಗಿದೆ. ಕೆರೆಯ ದಂಡೆಗೆ ಗಾಡಿ ಇಳಿಯಲು ಕಳೆದ ಭಾನುವಾರ ಊರವರೆಲ್ಲ ಸೇರಿ ದಾರಿ ಕಡಿದೆವು, ಜಲ್ಲಿ ಹಾಕುವುದು ಬಾಕಿ ಇದೆ. ಗೋದಾಮು ಕಳೆದುಕೊಂಡ ನೆರೆಯವರು ತಮ್ಮ ಬೇಲಿ ಎರಡು ಮಾರು ಒಳಕ್ಕೆ ಹಾಕಿಕೊಂಡರು, ಗಾಡಿ ತಿರುಗಲು ಜಾಗ ಸಾಕಾಗಲಿ ಎಂದು. ಮುಂದಿನ ವಾರ ಠಾಣೆಯವರನ್ನು ಕರೆಸಿ ಅಳತೆ ತೋರಿಸುತ್ತೇವೆ. ಅವತ್ತು ಆ ಮೂವರ ಹೆಸರು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ,
ಚಿಕ್ಕಮಗಳೂರು ಜಿಲ್ಲೆ